ಕಾನೂನು ಮತ್ತು ಕುಟುಂಬ: ಮುಖ ತಿರುಗಿಸಿಕೊಂಡ ಮಗು

ಕಳೆದ ಶ್ರಾವಣ ಮುಗಿದ ಕೆಲವು ದಿನಗಳಲ್ಲಿ ಬೆಳಗಾವಿ ಜಿಲ್ಲೆಯ ಓದುಗರೊಬ್ಬರಿಂದ ನಮಗೆ ಆರು ಪುಟಗಳ ಪತ್ರವೊಂದು ಬಂದಿತು. ಅವರ ಕೋರಿಕೆಯಂತೆ ಹೆಸರನ್ನೂ ಊರನ್ನೂ ಇಲ್ಲಿ ಬಿಟ್ಟಿದ್ದೇವೆ. ಪತಿಪತ್ನಿಯರಲ್ಲಿ ಮನಸ್ತಾಪವುಂಟಾಗಿ, ಪತ್ನಿಯು ಒಂಬತ್ತು ವರ್ಷದ ಮಗಳೊಡನೆ ಹುಬ್ಬಳ್ಳಿಯ ತವರುಮನೆಯನ್ನು ಸೇರಿ ಆಗಲೇ ಹದಿನಾಲ್ಕು ತಿಂಗಳಾಗಿತ್ತು. ಮೊದಮೊದಲು ಮಗಳು ದೂರವಾಣಿಯಲ್ಲಿ ಮಾತನಾಡುತ್ತಿದ್ದಳು. ಬರಬರುತ್ತ ಮಾತು ಚಿಕ್ಕದಾಯಿತು, ಕೊನೆಗೆ ಕರೆಗಳೇ ನಿಂತುಹೋದವು. ಶ್ರಾವಣದಲ್ಲಿ ಮಗುವಿಗೆ ಇಷ್ಟಲಿಂಗ ದೀಕ್ಷೆಯಾದ ಸಂಗತಿ ತಂದೆಗೆ ತಿಳಿದದ್ದು ನೆಂಟರೊಬ್ಬರು ಕಳುಹಿಸಿದ ಭಾವಚಿತ್ರದಿಂದ. ಅದನ್ನು ನೋಡಿ ತಡೆಯಲಾರದೆ ಅವರು ಶಾಲೆಯ ಬಾಗಿಲಿಗೆ ಹೋಗಿದ್ದಾರೆ. ಮಗಳು ಇವರನ್ನು ಕಂಡೊಡನೆ ಆಯಾಳ ಹಿಂದೆ ಸರಿದು, ‘ನೀವು ನಮಗೆ ಮೋಸ ಮಾಡಿದವರು, ನಿಮ್ಮ ಸಂಬಂಧ ನಮಗೆ ಬೇಡ’ ಎಂದಳಂತೆ.

‘ಇದು ಒಂಬತ್ತು ವರ್ಷದ ಕೂಸಿನ ಮಾತೇ? ನನ್ನ ಮಗಳು ನನ್ನನ್ನು ನೀನೆಂದೇ ಕರೆದು ಬೆಳೆದವಳು. ಅವಳ ಬಾಯಲ್ಲಿ ನೀವು ಎಂಬ ಮಾತನ್ನು ಅಂದೇ ಮೊದಲು ಕೇಳಿದೆ’ ಎಂದು ಅವರು ಬರೆದಿದ್ದರು. ಹೆಂಡತಿಯ ಮೇಲೆ ಅಪಹರಣದ ದೂರು ಕೊಡಬಹುದೇ, ಮಗುವಿನ ಮನಸ್ಸು ಕೆಡಿಸಿದ್ದಕ್ಕೆ ಶಿಕ್ಷೆಯುಂಟೇ, ಎಂಬುವು ಅವರ ಪ್ರಶ್ನೆಗಳಾಗಿದ್ದವು. ಆಗ ನಾವು ಅವರಿಗೆ ಅಂಚೆಯಲ್ಲಿಯೇ ಉತ್ತರಿಸಿದೆವು. ಆದರೆ ಇದೇ ಬಗೆಯ ಪತ್ರಗಳು, ತಂದೆಯರಿಂದಲೂ ತಾಯಂದಿರಿಂದಲೂ, ಮತ್ತೆ ಮತ್ತೆ ಬರುತ್ತಿರುವುದರಿಂದ ಈ ತಿಂಗಳ ಅಂಕಣವನ್ನು ಈ ವಿಷಯಕ್ಕೇ ಮೀಸಲಿಟ್ಟಿದ್ದೇವೆ.

ಮೊದಲು ಪೊಲೀಸರ ಮಾತು. ತಾಯಿಯೂ ಮಗುವಿನ ಸಹಜ ಪಾಲಕಳು. ನ್ಯಾಯಾಲಯದ ಆದೇಶವೇನೂ ಇಲ್ಲದಿರುವಾಗ ಹೆತ್ತವರಲ್ಲೊಬ್ಬರು ಮಗುವನ್ನು ತಮ್ಮೊಡನೆ ಕರೆದೊಯ್ದರೆ ಅದನ್ನು ಪೊಲೀಸರು ಸಾಮಾನ್ಯವಾಗಿ ಅಪಹರಣವೆಂದು ಎಣಿಸದೆ, ಕೋರ್ಟಿಗೆ ಹೋಗಿರೆಂದು ಹೇಳಿ ಕಳುಹಿಸುತ್ತಾರೆ. ಅದು ಅವರ ಉದಾಸೀನವಲ್ಲ. ದಾರಿ ಇರುವುದೇ ಅತ್ತ ಕಡೆಗೆ. ಮಗುವಿನ ಮನಸ್ಸನ್ನು ತಿರುಗಿಸಿದರೆಂಬ ಕಾರಣಕ್ಕೆ ಶಿಕ್ಷೆ ವಿಧಿಸುವ ಪ್ರತ್ಯೇಕ ಕಲಮು ನಮ್ಮ ದೇಶದ ಕಾಯಿದೆಗಳಲ್ಲಿಲ್ಲ. ಇರುವುದು ಬೇರೆಯದು, ಮತ್ತು ನಮ್ಮ ಅಭಿಪ್ರಾಯದಲ್ಲಿ ಹೆಚ್ಚು ಉಪಯುಕ್ತವಾದುದು: ಮಗುವನ್ನು ಕಾಣುವ ಏರ್ಪಾಡನ್ನು ನ್ಯಾಯಾಲಯದಿಂದ ಬೇಗನೆ ಮಾಡಿಸಿಕೊಳ್ಳುವ ಮಾರ್ಗ.

ಯಾವ ಕಾಯಿದೆ ನಮಗೆ ಅನ್ವಯಿಸುತ್ತದೆಂಬ ಸಂದೇಹವನ್ನು ಕೆಲವರು ಎತ್ತುತ್ತಾರೆ. 1955ರ ಹಿಂದೂ ವಿವಾಹ ಕಾಯಿದೆ ಹಾಗೂ 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪಾಲಕತ್ವ ಕಾಯಿದೆ, ಇವೆರಡರಲ್ಲಿಯೂ ವೀರಶೈವ ಮತ್ತು ಲಿಂಗಾಯತ ಎಂಬ ಹೆಸರುಗಳು ಸ್ಪಷ್ಟವಾಗಿ ಬರೆಯಲ್ಪಟ್ಟಿವೆ. ಸ್ವತಂತ್ರ ಧರ್ಮದ ಮಾನ್ಯತೆಯ ಚರ್ಚೆ ಎತ್ತ ಹೋದರೂ, ಇಂದು ಲಿಂಗಾಯತ ದಂಪತಿಗಳ ಮಕ್ಕಳ ವಿಷಯದಲ್ಲಿ ಕೋರ್ಟು ತೆರೆದು ನೋಡುವ ಪುಸ್ತಕಗಳು ಇವೇ. ಇವುಗಳ ಜೊತೆಗೆ ವಕೀಲರು ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಆ್ಯಕ್ಟ್ ಎಂದು ಕರೆಯುವ 1890ರ ಕಾಯಿದೆಯೂ ಇದೆ. 1956ರ ಕಾಯಿದೆಯಲ್ಲಿ ತಂದೆ, ಅವನ ತರುವಾಯ ತಾಯಿ, ಎಂಬ ಕ್ರಮವಿದ್ದು, ಅದನ್ನು ತಂದೆ ಬದುಕಿರುವವರೆಗೆ ತಾಯಿಗೆ ಹಕ್ಕಿಲ್ಲವೆಂದು ಓದಬಾರದೆಂದು ಸರ್ವೋಚ್ಚ ನ್ಯಾಯಾಲಯವು 1999ರಲ್ಲಿ ತೀರ್ಪಿತ್ತಿದೆ. ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿಯಲ್ಲಿರತಕ್ಕದ್ದೆಂದು ಅದೇ ಕಾಯಿದೆಯ 6ನೆಯ ಕಲಮು ಹೇಳುತ್ತದೆ. ಇವೆಲ್ಲಕ್ಕೂ ಮೇಲೆ ನಿಲ್ಲುವುದು 13ನೆಯ ಕಲಮು: ಮಗುವಿನ ಕ್ಷೇಮವೇ ಪರಮೋಚ್ಚವಾದುದು. ತಂದೆಯ ಹಕ್ಕು, ತಾಯಿಯ ಹಕ್ಕು, ಮನೆತನದ ಗೌರವ, ಇವು ಯಾವುವೂ ಅದರ ಎದುರು ನಿಲ್ಲುವುದಿಲ್ಲ.

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಬೇರೆಯಾದ ದಂಪತಿಗಳಲ್ಲೊಬ್ಬರು ಮಗುವಿನ ಮನಸ್ಸನ್ನು ಮತ್ತೊಬ್ಬರ ವಿರುದ್ಧ ತಿರುಗಿಸುವುದಕ್ಕೆ ಪೇರೆಂಟಲ್ ಏಲಿಯನೇಷನ್ ಎಂಬ ಹೆಸರು ಈಗ ಬಳಕೆಯಲ್ಲಿದೆ. ರಿಚರ್ಡ್ ಗಾರ್ಡನರ್ ಎಂಬ ಅಮೆರಿಕದ ಮನೋವೈದ್ಯರು 1985ರಲ್ಲಿ ಇದನ್ನೊಂದು ರೋಗಲಕ್ಷಣದ ಗುಂಪೆಂದು ವರ್ಣಿಸಿದರು. ಆದರೆ ವೈದ್ಯಲೋಕವು ಅದನ್ನು ರೋಗವೆಂದು ಒಪ್ಪಲಿಲ್ಲ. 2013ರಲ್ಲಿ ಹೊರಬಂದ ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿಯೂ ಆ ಹೆಸರಿನ ರೋಗಕ್ಕೆ ಸ್ಥಾನ ದೊರೆತಿಲ್ಲ. ನಮ್ಮ ನ್ಯಾಯಾಲಯಗಳು ಈ ಪದವನ್ನು ಎರಡು ಬಗೆಯಲ್ಲಿ ಕಂಡಿವೆ. 2017ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದ ಒಂದು ಪ್ರಕರಣದಲ್ಲಿ, ಎರಡು ವರ್ಷವೂ ತುಂಬದ ಹೆಣ್ಣುಮಗುವೊಂದು ತಾಯಿಯಿಂದ ಅಗಲಿ ತಂದೆಯ ಬಳಿಯಲ್ಲೇ ಬೆಳೆದಿತ್ತು. ತಂದೆಯೇ ಬೇಕೆಂದು ಮಗು ಹೇಳಿತು. ತಾಯಿಯ ಸಹವಾಸವನ್ನೇ ಕಾಣದ ಮಗುವಿನ ಆಯ್ಕೆಯನ್ನು ಆಯ್ಕೆಯೆಂದು ಹೇಗೆ ಎಣಿಸುವುದೆಂದು ಯೋಚಿಸಿದ ನ್ಯಾಯಾಲಯವು ಈ ಏಲಿಯನೇಷನ್ ವಿಚಾರವನ್ನು ಚರ್ಚಿಸಿ, ಮೊದಲಿಗೆ ಒಂದು ವರ್ಷದ ಮಟ್ಟಿಗೆ ಮಗುವನ್ನು ತಾಯಿಯ ವಶಕ್ಕೆ ಕೊಟ್ಟಿತು. ಏಳು ವರ್ಷಗಳ ತರುವಾಯ, 2024ರ ಮೇ ತಿಂಗಳಲ್ಲಿ, ಅದೇ ಸರ್ವೋಚ್ಚ ನ್ಯಾಯಾಲಯವು ಇನ್ನೊಂದು ಪ್ರಕರಣದಲ್ಲಿ ಎಚ್ಚರಿಕೆಯ ಮಾತನ್ನಾಡಿತು: ಇಂಥ ದಿನ, ಇಂಥ ವರ್ತನೆ ನಡೆಯಿತೆಂದು ಗುರುತಿಸದೆ, ಹೆತ್ತವರಲ್ಲೊಬ್ಬರಿಗೆ ಆತುರದಿಂದ ಈ ಹಣೆಪಟ್ಟಿಯನ್ನು ಹಚ್ಚಬಾರದು.

ಈ ಎರಡನೆಯ ತೀರ್ಪನ್ನು ನಮ್ಮ ಓದುಗರು ಗಮನವಿಟ್ಟು ನೋಡಬೇಕು. ‘ಎದುರುದಾರಳು ಮಗುವಿನ ತಲೆ ಕೆಡಿಸಿದ್ದಾಳೆ’ ಎಂದು ಅರ್ಜಿಯ ತುಂಬ ಬರೆಯುವುದರಿಂದ ಏನೂ ಸಿದ್ಧವಾಗದು. ಹದಿನೈದು ದಿನಗಳಲ್ಲಿ ಎಷ್ಟು ಬಾರಿ ಕರೆ ಮಾಡಲಾಯಿತು, ಎಷ್ಟು ಬಾರಿ ಮಗುವಿಗೆ ದೂರವಾಣಿ ಕೊಡಲಿಲ್ಲ, ಹುಟ್ಟುಹಬ್ಬಕ್ಕೆ ಕಳುಹಿಸಿದ ಪಾರ್ಸಲು ಯಾವ ದಿನ ಮರಳಿತು, ಶಾಲೆಯ ದಾಖಲೆಯಲ್ಲಿ ತಂದೆಯ ದೂರವಾಣಿ ಸಂಖ್ಯೆ ಯಾವಾಗ ಅಳಿಸಲ್ಪಟ್ಟಿತು, ಇವು ಕೋರ್ಟಿಗೆ ಅರ್ಥವಾಗುವ ಭಾಷೆ. ಒಂದು ದಿನಚರಿ ಪುಸ್ತಕ, ಅಂಚೆಯ ರಸೀದಿಗಳು, ಮೊಬೈಲಿನಲ್ಲಿ ಉಳಿಸಿಕೊಂಡ ಸಂದೇಶಗಳು ಇದ್ದರೆ ಸಾಕು. ಕೌಟುಂಬಿಕ ನ್ಯಾಯಾಲಯವು ಸಾಕ್ಷ್ಯದ ಕಟ್ಟುನಿಟ್ಟಿನ ನಿಯಮಗಳಿಗೆ ಪೂರ್ತಿ ಬದ್ಧವಾಗಿರಬೇಕಾಗಿಲ್ಲ. ವ್ಯಾಜ್ಯವನ್ನು ಅರಿಯಲು ನೆರವಾಗುವ ಯಾವ ಕಾಗದವನ್ನೂ ಅದು ನೋಡಬಹುದು. ಮಗುವಿನ ಮಾತನ್ನು ಕದ್ದು ಧ್ವನಿಮುದ್ರಿಸುವ ಪ್ರಯತ್ನವನ್ನು ಮಾತ್ರ ಮಾಡದಿರುವುದು ಲೇಸು. ಆ ಮುದ್ರಿಕೆಯಲ್ಲಿ ಮಗುವಿಗಿಂತ ಹೆಚ್ಚಾಗಿ ಪ್ರಶ್ನೆ ಕೇಳುವ ದೊಡ್ಡವರ ಧ್ವನಿಯೇ ಕೇಳಿಬರುತ್ತದೆ.

ಮಗು ಮುಖ ತಿರುಗಿಸಿಕೊಳ್ಳುವುದಕ್ಕೆ ಕಾರಣ ಯಾವಾಗಲೂ ಮತ್ತೊಬ್ಬರ ಬೋಧನೆಯೇ ಆಗಿರುವುದಿಲ್ಲ ಎಂಬುದನ್ನೂ ಹೇಳದೆ ಬಿಡಲಾಗದು. ತಂದೆಯ ಕುಡಿತವನ್ನು, ತಾಯಿಯ ಮೇಲೆ ಎತ್ತಿದ ಕೈಯನ್ನು ಕಣ್ಣಾರೆ ಕಂಡ ಮಗು ಹೆದರಿದರೆ ಅದು ಯಾರೂ ಕಲಿಸಿದ ಪಾಠವಲ್ಲ. ಅಂಥ ಸಂದರ್ಭದಲ್ಲಿ 2005ರ ಕೌಟುಂಬಿಕ ಹಿಂಸೆ ತಡೆ ಕಾಯಿದೆಯ ಮೇರೆಗೆ ಮಗುವಿನ ತಾತ್ಕಾಲಿಕ ವಶವನ್ನು ತಾಯಿಗೆ ಕೊಡಲು, ಹಾನಿಯಾಗುವಂತಿದ್ದರೆ ಭೇಟಿಯನ್ನೇ ನಿರಾಕರಿಸಲು ಮ್ಯಾಜಿಸ್ಟ್ರೇಟರಿಗೆ ಅಧಿಕಾರವಿದೆ. ಏಲಿಯನೇಷನ್ ಎಂಬ ಪದವು ಹೊಡೆದವನ ಕೈಯ ಗುರಾಣಿಯಾಗಬಾರದು. ನಮಗೆ ಪತ್ರ ಬರೆದವರು ಹೊಡೆದವರಲ್ಲ. ಆದರೆ ಅವರ ಪತ್ರದ ನಾಲ್ಕನೆಯ ಪುಟದಲ್ಲಿದ್ದ ಒಂದು ವಾಕ್ಯ ನಮ್ಮನ್ನು ನಿಲ್ಲಿಸಿತು. ಮಗಳನ್ನು ತೋರಿಸದ ಸಿಟ್ಟಿನಿಂದ ಅವರು ಐದು ತಿಂಗಳು ಶಾಲೆಯ ಶುಲ್ಕವನ್ನೂ ಮನೆಖರ್ಚನ್ನೂ ಕಳುಹಿಸಿರಲಿಲ್ಲ. ‘ಮೋಸ ಮಾಡಿದವರು’ ಎಂಬ ಮಾತು ಆ ಮನೆಯಲ್ಲಿ ಎಲ್ಲಿಂದ ಹುಟ್ಟಿರಬಹುದೆಂದು ನಾವು ಅವರನ್ನೇ ಕೇಳಿದೆವು. ಹಣ ಕೊಡುವುದು ಭೇಟಿಯ ಬೆಲೆಯಲ್ಲ. ಭೇಟಿ ನಿಂತಿತೆಂದು ಜೀವನಾಂಶವನ್ನು ನಿಲ್ಲಿಸುವಂತಿಲ್ಲ, ಜೀವನಾಂಶ ಬರಲಿಲ್ಲವೆಂದು ಮಗುವನ್ನು ಅಡಗಿಸಿಡುವಂತೆಯೂ ಇಲ್ಲ. ಬಾಕಿಯನ್ನೆಲ್ಲ ಬ್ಯಾಂಕಿನ ಮೂಲಕ ಅಂದೇ ಕಳುಹಿಸಿ, ರಸೀದಿಯನ್ನು ಇಟ್ಟುಕೊಳ್ಳಬೇಕೆಂದೂ, ಶಾಲೆಯ ಬಾಗಿಲಿಗೆ ಮತ್ತೆ ಹೋಗಬಾರದೆಂದೂ ಬರೆದೆವು. ಅವರಿಗೆ ಕಹಿಯಾಗಿರಬೇಕು; ಒಂದು ತಿಂಗಳು ಉತ್ತರ ಬರಲಿಲ್ಲ.

ಅರ್ಜಿಯನ್ನು ಎಲ್ಲಿ ಸಲ್ಲಿಸಬೇಕು? 1890ರ ಕಾಯಿದೆಯ 9ನೆಯ ಕಲಮಿನಂತೆ, ಮಗು ಸಾಮಾನ್ಯವಾಗಿ ಎಲ್ಲಿ ವಾಸಿಸುತ್ತದೆಯೋ ಅಲ್ಲಿಯ ನ್ಯಾಯಾಲಯದಲ್ಲಿ. ಆದುದರಿಂದ ಬೆಳಗಾವಿ ಜಿಲ್ಲೆಯ ಈ ತಂದೆ ಹುಬ್ಬಳ್ಳಿಯ ವ್ಯಾಪ್ತಿಯ ಕೌಟುಂಬಿಕ ನ್ಯಾಯಾಲಯಕ್ಕೇ ಹೋಗಬೇಕಾಯಿತು. ಕೌಟುಂಬಿಕ ನ್ಯಾಯಾಲಯವಿಲ್ಲದ ಕಡೆ ಇದು ಜಿಲ್ಲಾ ನ್ಯಾಯಾಲಯದ ವ್ಯಾಪ್ತಿಗೆ ಸೇರುತ್ತದೆ. ದಂಪತಿಗಳ ನಡುವೆ ವಿಚ್ಛೇದನದ ಅಥವಾ ಮರಳಿ ಕೂಡಿ ಬಾಳುವ ದಾವೆ ಆಗಲೇ ನಡೆಯುತ್ತಿದ್ದರೆ ಬೇರೆ ಪ್ರಕರಣ ಹೂಡುವ ಅಗತ್ಯವಿಲ್ಲ. ಹಿಂದೂ ವಿವಾಹ ಕಾಯಿದೆಯ 26ನೆಯ ಕಲಮಿನ ಮೇರೆಗೆ ಆ ದಾವೆಯಲ್ಲಿಯೇ ಮಗುವಿನ ಬಗ್ಗೆ ಅರ್ಜಿ ಕೊಡಬಹುದು.

ಇಲ್ಲಿ ನಾವು ಒತ್ತಿ ಹೇಳುವುದೊಂದಿದೆ. ಮಗುವನ್ನು ಪೂರ್ತಿ ತಮ್ಮ ವಶಕ್ಕೇ ಕೊಡಬೇಕೆಂಬ ಮುಖ್ಯ ಅರ್ಜಿ ವರ್ಷಗಟ್ಟಲೆ ನಡೆಯಬಹುದು. ಆದುದರಿಂದ ಅದನ್ನು ಸಲ್ಲಿಸುವ ದಿನವೇ ಮಧ್ಯಂತರ ಭೇಟಿಯ ಅರ್ಜಿಯನ್ನೂ ಸಲ್ಲಿಸತಕ್ಕದ್ದು. ಮಗುವನ್ನು ಕೋರ್ಟಿನ ಮುಂದೆ ಕರೆತರಿಸಿ ತಾತ್ಕಾಲಿಕ ಏರ್ಪಾಡು ಮಾಡಲು 1890ರ ಕಾಯಿದೆಯ 12ನೆಯ ಕಲಮು ಅವಕಾಶ ಕೊಡುತ್ತದೆ. ಇಂಥ ವ್ಯಾಜ್ಯಗಳಲ್ಲಿ ನಿಜವಾಗಿ ಗೆಲ್ಲುವುದು ವಾದಿಯೂ ಅಲ್ಲ, ಪ್ರತಿವಾದಿಯೂ ಅಲ್ಲ, ಸರಿದುಹೋಗುವ ಕಾಲ. ಒಂಬತ್ತು ವರ್ಷದ ಮಗುವಿಗೆ ಎರಡು ವರ್ಷವೆಂದರೆ ನೆನಪಿರುವ ಬದುಕಿನ ದೊಡ್ಡ ಪಾಲು. ಕೊನೆಯ ತೀರ್ಪು ಬರುವಷ್ಟರಲ್ಲಿ ಮಗುವೇ ಅಪರಿಚಿತವಾಗಿ ನಿಂತಿದ್ದರೆ, ಯಾವ ನ್ಯಾಯಾಧೀಶರೂ ಅದನ್ನು ಕೈಹಿಡಿದು ಒಪ್ಪಿಸಲಾರರು. ‘ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ’ ಎಂದು ಹೇಳಿ ಹೇಳಿ ನಮ್ಮ ಹಿರಿಯರು ಎಷ್ಟೋ ಮನೆಗಳಲ್ಲಿ ಈ ಕಾಲವನ್ನು ಕಳೆಯುತ್ತಾರೆ. ಅವರ ಉದ್ದೇಶ ಒಳ್ಳೆಯದೇ. ಹದಿನಾಲ್ಕು ತಿಂಗಳು ಮಲಗಿ ಎದ್ದರೂ ಮುಗಿಯದ ಜಗಳಕ್ಕೆ ಆ ಗಾದೆ ಹೊಂದುವುದಿಲ್ಲ.

ಭೇಟಿಯ ಆದೇಶವು ಎಷ್ಟು ಬಿಡಿಸಿ ಬರೆಯಲ್ಪಟ್ಟಿದೆಯೋ ಅಷ್ಟು ಉಪಯೋಗಕ್ಕೆ ಬರುತ್ತದೆ. ‘ಆಗಾಗ ಭೇಟಿ’ ಎಂದರೆ ಭೇಟಿಯೇ ಇಲ್ಲವೆಂದು ತಿಳಿಯಬೇಕು. ಯಾವ ವಾರ, ಎಷ್ಟು ಗಂಟೆಯಿಂದ ಎಷ್ಟರವರೆಗೆ, ಎಲ್ಲಿ, ಮಗುವನ್ನು ಕರೆತರುವವರು ಯಾರು, ವಾರದಲ್ಲಿ ಯಾವ ದಿನ ದೂರವಾಣಿ, ಬೇಸಿಗೆ ರಜೆಯಲ್ಲಿ ಎಷ್ಟು ದಿನ, ದೀಪಾವಳಿಯಲ್ಲಿ ಎಲ್ಲಿ, ಬಸವ ಜಯಂತಿಯಂದು ಎಲ್ಲಿ, ಮಗುವಿಗೆ ಕಾಯಿಲೆಯಾದರೆ ಮತ್ತೊಬ್ಬರಿಗೆ ತಿಳಿಸುವವರು ಯಾರು, ಶಾಲೆಯ ಅಂಕಪಟ್ಟಿಯನ್ನು ಇಬ್ಬರೂ ನೋಡಬಹುದೇ, ಎಂಬುದನ್ನೆಲ್ಲ ಅರ್ಜಿಯಲ್ಲಿಯೇ ಬರೆದು ಕೇಳಬೇಕು. ದೀಕ್ಷೆಯಂತಹ ಸಂಸ್ಕಾರಕ್ಕೆ ಇಬ್ಬರನ್ನೂ ಕರೆಯಬೇಕೆಂಬ ಮಾತನ್ನೂ ಸೇರಿಸಿ ಕೇಳಬಹುದು. ನಮ್ಮ ರಾಜ್ಯದ ಉಚ್ಚ ನ್ಯಾಯಾಲಯದ 2013ರ ತೀರ್ಪೊಂದು ಇದಕ್ಕೆ ಒಳ್ಳೆಯ ಮಾದರಿ. ಅದರಲ್ಲಿ ಮಗು ಜನವರಿಯಿಂದ ಜೂನ್ ಕೊನೆಯವರೆಗೆ ತಂದೆಯ ಬಳಿ, ಜುಲೈಯಿಂದ ಡಿಸೆಂಬರ್ ಕೊನೆಯವರೆಗೆ ತಾಯಿಯ ಬಳಿ ಇರತಕ್ಕದ್ದೆಂದೂ, ಒಬ್ಬರಲ್ಲಿರುವಾಗ ಶನಿವಾರ ಭಾನುವಾರಗಳಲ್ಲಿ ಮತ್ತೊಬ್ಬರು ಕಾಣಬಹುದೆಂದೂ, ದೂರವಾಣಿ ಅಥವಾ ವಿಡಿಯೋ ಮೂಲಕ ಮಾತನಾಡಲು ಮಗುವಿಗೆ ಅವಕಾಶವಿರಬೇಕೆಂದೂ, ವಿದ್ಯಾಭ್ಯಾಸದ ವೆಚ್ಚವನ್ನು ಇಬ್ಬರೂ ಸಮನಾಗಿ ಹೊರಬೇಕೆಂದೂ ಆದೇಶಿಸಲಾಯಿತು. ಎಲ್ಲ ಮಕ್ಕಳಿಗೂ ಈ ಅರೆವರ್ಷದ ಏರ್ಪಾಡು ಒಗ್ಗುವುದೆಂದು ನಾವು ಹೇಳುವುದಿಲ್ಲ. ಶಾಲೆಯ ವರ್ಷದ ನಡುವೆ ಮನೆ ಬದಲಾಗುವುದು ಸುಲಭವಲ್ಲ. ಆದರೆ ಬರವಣಿಗೆಯ ಖಚಿತತೆ ಅನುಕರಣೀಯ. ಮಗು ಒಬ್ಬರ ವಶದಲ್ಲಿದ್ದಾಗಲೂ ಇನ್ನೊಬ್ಬರ ಪ್ರೀತಿ ಅದರ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯವು 2020ರಲ್ಲಿ ಹೇಳಿ, ದೂರದೂರದಲ್ಲಿರುವವರಿಗೆ ವಿಡಿಯೋ ಕರೆಯ ಸಂಪರ್ಕವನ್ನು ಒತ್ತಿ ಹೇಳಿತು. ಅಮೆರಿಕದಲ್ಲೋ ದುಬೈಯಲ್ಲೋ ಇರುವ ನಮ್ಮ ಓದುಗರಿಗೆ ಇದು ಉಪಯುಕ್ತ.

ನ್ಯಾಯಾಧೀಶರು ಮಗುವನ್ನು ಕೊಠಡಿಗೆ ಕರೆದು ಒಂಟಿಯಾಗಿ ಮಾತನಾಡಿಸುವುದುಂಟು. ಬುದ್ಧಿ ತಿಳಿದ ಮಗುವಿನ ಇಚ್ಛೆಯನ್ನು ಅವರು ಪರಿಗಣಿಸಬಹುದು, ಅದಕ್ಕೆ ಕಟ್ಟುಬೀಳಬೇಕೆಂದಿಲ್ಲ. ಅಂದು ಏನು ಹೇಳಬೇಕೆಂದು ಮಗುವಿಗೆ ಹೇಳಿಕೊಡಬೇಡಿ. ದೊಡ್ಡವರ ಪದಗಳು ಎಳೆಯ ಬಾಯಲ್ಲಿ ಹೇಗೆ ಕೇಳುತ್ತವೆಂಬುದನ್ನು ಅವರು ನಮಗಿಂತ ಹೆಚ್ಚು ಕೇಳಿದ್ದಾರೆ.

ಆದೇಶವಾದ ಮೇಲೂ ಮಗುವನ್ನು ಕರೆತರದಿದ್ದರೆ? ಆ ದಿನ ಆ ಹೊತ್ತಿಗೆ ಆ ಸ್ಥಳಕ್ಕೆ ತಪ್ಪದೆ ಹೋಗಿ ಕಾಯಬೇಕು. ಕಾದದ್ದಕ್ಕೆ ಒಂದು ಗುರುತನ್ನಿಟ್ಟುಕೊಳ್ಳಬೇಕು. ಜಗಳವಾಡದೆ ಮರಳಿ, ಮುಂದಿನ ತಾರೀಖಿಗೆ ಅದನ್ನು ಕೋರ್ಟಿನ ಗಮನಕ್ಕೆ ತರಬೇಕು. ಭೇಟಿಯ ಸ್ಥಳವನ್ನು ಬದಲಿಸಿರೆಂದೂ, ತಪ್ಪಿದ ಗಂಟೆಗಳನ್ನು ತುಂಬಿಸಿಕೊಡಿರೆಂದೂ, ಆಪ್ತಸಮಾಲೋಚಕರನ್ನು ನೇಮಿಸಿರೆಂದೂ ಕೇಳಬಹುದು. ಹಟವು ಮಿತಿಮೀರಿದರೆ ವಶವನ್ನೇ ಬದಲಿಸುವಂತೆ ಕೇಳುವ ದಾರಿಯೂ ತೆರೆದಿದೆ. ಮಕ್ಕಳ ವಶದ ಆದೇಶಗಳು ಎಂದೂ ಕೊನೆಯವಲ್ಲ, ಸಂದರ್ಭ ಬದಲಾದಂತೆ ಬದಲಾಗತಕ್ಕವು ಎಂಬುದು 1973ರಿಂದಲೂ ಸರ್ವೋಚ್ಚ ನ್ಯಾಯಾಲಯದ ನಿಲುವಾಗಿದೆ. ಅದೇ ತೀರ್ಪಿನಲ್ಲಿ ಮಕ್ಕಳು ತಂದೆತಾಯಿಯರ ಚರಾಸ್ತಿಯಲ್ಲವೆಂಬ ಮಾತೂ ಬರುತ್ತದೆ.

ತಾಯಂದಿರ ಪತ್ರಗಳ ಸ್ವರ ಬೇರೆ. ಗಂಡುಮಗುವನ್ನು ‘ನಮ್ಮ ಮನೆತನದ ಕುಡಿ’ ಎಂದು ಉಳಿಸಿಕೊಂಡು ಸೊಸೆಯನ್ನು ಮಾತ್ರ ಹೊರಗೆ ಕಳುಹಿಸುವ ಮನೆಗಳು ನಮ್ಮ ಸಮಾಜದಲ್ಲಿಯೇ ಇವೆ. ಹೆಣ್ಣಿಗೂ ಗಂಡಿಗೂ ಒಂದೇ ಲಿಂಗವನ್ನು ಕಟ್ಟಿದ ಪರಂಪರೆಯವರು ನಾವು. ಆ ಮನೆಗಳಲ್ಲಿ ‘ನಿಮ್ಮವ್ವ ನಿನ್ನನ್ನು ಬಿಟ್ಟು ಹೋದಳು’ ಎಂಬ ಮಾತನ್ನು ಮಗುವಿಗೆ ಊಟದೊಡನೆ ಉಣಿಸಲಾಗುತ್ತದೆ. ತವರಿನಲ್ಲಿ ಬರಿಗೈಯಲ್ಲಿ ಕುಳಿತ ತಾಯಿಗೆ ವಕೀಲರ ಶುಲ್ಕದ ಹೆದರಿಕೆ. ಅವರು ತಿಳಿಯಬೇಕಾದುದಿಷ್ಟು: 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯಂತೆ ಮಹಿಳೆಯರಿಗೂ ಮಕ್ಕಳಿಗೂ ಉಚಿತ ಕಾನೂನು ನೆರವು ಪಡೆಯಲು ಆದಾಯದ ಮಿತಿಯೇ ಇಲ್ಲ. ಪುರುಷರಾದರೆ ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು ಮೊದಲಾದವರಿಗೂ, ಸರ್ಕಾರವು ಗೊತ್ತುಪಡಿಸಿದ ಮಿತಿಯೊಳಗೆ ಆದಾಯವುಳ್ಳವರಿಗೂ ಈ ನೆರವು ದೊರೆಯುತ್ತದೆ. ಜಿಲ್ಲಾ ನ್ಯಾಯಾಲಯದಲ್ಲಿರುವ ಪ್ರಾಧಿಕಾರದ ಕಛೇರಿಗೆ, ತಾಲೂಕಾದರೆ ಅಲ್ಲಿಯ ಕಾನೂನು ಸೇವೆಗಳ ಸಮಿತಿಗೆ ಅರ್ಜಿ ಕೊಡಬೇಕು. 15100 ಎಂಬ ದೂರವಾಣಿ ಸಂಖ್ಯೆಯಲ್ಲಿಯೂ ವಿಚಾರಿಸಬಹುದು. ಕೌಟುಂಬಿಕ ನ್ಯಾಯಾಲಯದಲ್ಲಿ ವಕೀಲರ ಮೂಲಕವೇ ಹೋಗಬೇಕೆಂಬ ನಿಯಮವಿಲ್ಲವೆಂಬುದೂ, ವಕೀಲರನ್ನಿಡಲು ಕೋರ್ಟಿನ ಅನುಮತಿ ಬೇಕೆಂಬುದೂ ಹಲವರಿಗೆ ತಿಳಿಯದು.

ಕೊನೆಯದಾಗಿ ರಾಜಿಯ ಮಾತು. ಮಠದ ಪೂಜ್ಯರ ಮುಂದೆ, ಊರ ಹಿರಿಯರ ಮುಂದೆ ಕುಳಿತು ಛಾಪಾ ಕಾಗದದ ಮೇಲೆ ಬರೆಯಿಸಿಕೊಂಡ ಒಪ್ಪಂದಗಳನ್ನು ಓದುಗರು ನಮಗೆ ಕಳುಹಿಸುತ್ತಾರೆ. ಅಂಥ ರಾಜಿಯನ್ನು ನಾವು ಗೌರವಿಸುತ್ತೇವೆ. ಎಷ್ಟೋ ಮನೆಗಳು ಅದರಿಂದ ಉಳಿದಿವೆ. ಆದರೆ ಆ ಕಾಗದವು ಡಿಕ್ರಿಯಲ್ಲ. ಮುರಿದವರನ್ನು ಅದರ ಬಲದಿಂದ ಹಿಡಿಯಲಾಗದು. ಒಪ್ಪಿದ ಮಾತನ್ನೇ ಲೋಕ ಅದಾಲತ್ತಿನಲ್ಲಿ ದಾಖಲು ಮಾಡಿಸಿದರೆ ಅದು ಡಿಕ್ರಿಗೆ ಸಮನಾಗುತ್ತದೆ. ಕೋರ್ಟಿನಲ್ಲಿ ಪ್ರಕರಣ ಹೂಡುವ ಮೊದಲೇ ಹಾಗೆ ಮಾಡಿಸಲು ಅವಕಾಶವಿದೆ. ಬೆಂಗಳೂರಿನವರಿಗೆ ನ್ಯಾಯದೇಗುಲದಲ್ಲಿ 2007ರಿಂದ ಮಧ್ಯಸ್ಥಿಕೆ ಕೇಂದ್ರವಿದೆ. ಪೂಜ್ಯರು ಕೂಡಿಸಲಿ, ಕಾಗದವನ್ನು ಕೋರ್ಟು ಬರೆಯಲಿ.

ಬೆಳಗಾವಿ ಜಿಲ್ಲೆಯ ಆ ಓದುಗರಿಂದ ಹದಿನೈದು ದಿನಗಳ ಹಿಂದೆ ಎರಡನೆಯ ಪತ್ರ ಬಂದಿದೆ, ಈ ಬಾರಿ ಒಂದೇ ಪುಟ. ಬಾಕಿ ಹಣವನ್ನು ಕಳುಹಿಸಿದ್ದಾರೆ. ಮಧ್ಯಂತರ ಆದೇಶವಾಗಿ, ಪ್ರತಿ ಎರಡನೆಯ ಮತ್ತು ನಾಲ್ಕನೆಯ ಶನಿವಾರ ಎರಡು ಗಂಟೆಗಳ ಕಾಲ ನ್ಯಾಯಾಲಯದ ಆವರಣದಲ್ಲಿಯೇ ಮಗಳನ್ನು ಕಾಣಲು ಅವಕಾಶ ದೊರೆತಿದೆ. ಮೊದಲ ಭೇಟಿಗೆ ಏನನ್ನು ಒಯ್ಯಬೇಕು, ಹೊಸ ಬಟ್ಟೆಯೋ ಸೈಕಲ್ಲೋ ಎಂದು ಕೇಳಿದ್ದರು. ಅವೆರಡೂ ಬೇಡ, ಅವಳು ಬಿಟ್ಟುಹೋದ ಚಿತ್ರದ ಪುಸ್ತಕವೇನಾದರೂ ಮನೆಯಲ್ಲಿದ್ದರೆ ಅದನ್ನು ಒಯ್ಯಿರಿ ಎಂದು ಬರೆದೆವು. ಅವಳ ತಾಯಿಯ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಬೇಡಿ. ಅವಳು ‘ನೀವು’ ಎಂದರೆ ತಿದ್ದಬೇಡಿ. ಎರಡು ಗಂಟೆಯೂ ಮಾತನಾಡದೆ ಕುಳಿತರೆ ನೀವೂ ಹಾಗೆಯೇ ಕುಳಿತಿದ್ದು, ನಾಲ್ಕನೆಯ ಶನಿವಾರ ಹೊತ್ತಿಗೆ ಸರಿಯಾಗಿ ಮತ್ತೆ ಹೋಗಿರಿ.